ದಾರ ಕಡಿಯುವ ಹಲ್ಲು

ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇಲ್ಲಿ ಬರುವುದಿಲ್ಲ. ಶಾಲುಗಳು ಕಪಾಟಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತ ಬಿದ್ದಿವೆ, ಅವನ್ನು ಹೊದ್ದುಕೊಳ್ಳುವಷ್ಟು ಚಳಿ ಪುಣೆಯಲ್ಲಿ ಈಗ ಉಳಿದೂ ಇಲ್ಲ. ನನ್ನ ತಮ್ಮನ ಮಗಳು ಅನಘಾ ದಂತವೈದ್ಯ ಓದು ಮುಗಿಸಿ ಈಗ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆಗೆ ಸೇರಿಕೊಂಡಿದ್ದಾಳೆ. ಮನೆಯಲ್ಲಿ ಯಾರಿಗೂ ಅದು ಸರಿಬಂದಿಲ್ಲ. ಹಲ್ಲಿಗೆ ಬೆಳ್ಳಿ ತುಂಬಿಕೊಂಡು ಸುಖವಾಗಿ ಇರುವುದು ಬಿಟ್ಟು ಈ ರಕ್ತದ ಕೆಲಸ ಯಾಕೆ ಎಂದು ಅವಳ ಅಮ್ಮ ಮುಖ ಗಂಟು ಹಾಕಿಕೊಂಡಿದ್ದಾಳೆ. ಕಡೆಗೆ ಹುಡುಗಿ, ಅದೇ ಕೆಲಸದಲ್ಲಿ ಬಾಳು ಸವೆಸಿದ ನನಗೆ ಫೋನು ಮಾಡಿದಳು.

"ಆತ್ಯಾ, ನೀ ಖರೇ ಹೇಳು. ಈ ಕೆಲಸ ಹೆಂಗದ?"

"ಫೋನಿನ್ಯಾಗ ಹೇಳೂ ಹಂಗಿಲ್ಲವ್ವಾ. ಬರದು ಕೊಡ್ತೀನಿ" ಎಂದೆ. ಅವಳ ಜೊತೆ ಇನ್ನಿಬ್ಬರು ಮೂವರು ಓದಿದರೂ ಆಯಿತು.

ಮೊದಲು ಒಂದು ಅವಮಾನಕ್ಕೆ ತಯಾರಾಗಿರಿ. ನಿಮ್ಮನ್ನು ಜನ ಬಾಳೆಲ್ಲ ಹಲ್ಲು ಕೀಳುವವರು ಎಂದೇ ತಿಳಿಯುತ್ತಾರೆ. ನಾನು ಸೇರಿದ ಹೊಸತರಲ್ಲಿ ಬೆಳಗಾವಿ ಕಡೆಯಿಂದ ಬಂದು ಇಲ್ಲಿ ಬಟ್ಟೆ ವ್ಯಾಪಾರ ಹಿಡಿದಿದ್ದ ಒಬ್ಬ ಹಿರಿಯರು ಮಗನನ್ನು ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತಂದಿದ್ದರು. ಹುಡುಗನ ಬೈಕು ಕಬ್ಬಿನ ಟ್ರಾಲಿಯ ಹಿಂಬದಿಗೆ ಬಡಿದು ಕೆನ್ನೆಯ ಮೂಳೆ ಒಳಗೆ ಕುಸಿದಿತ್ತು. ಕಬ್ಬಿನ ಹಂಗಾಮಿನಲ್ಲಿ ಬಾರಾಮತಿ ರಸ್ತೆ ನಮಗೆ ಕೆಲಸ ಕಳಿಸುತ್ತಲೇ ಇತ್ತು, ಆ ಟ್ರಾಲಿಗಳಿಗೆ ಹಿಂದೆ ದೀಪ ಎಂಬುದೇ ಇರುತ್ತಿರಲಿಲ್ಲ. ನನ್ನನ್ನು ನೋಡಿ ಆ ಹಿರಿಯರಿಗೆ ಸಿಟ್ಟೇ ಬಂತು.

"ಹಲ್ಲಿನ ಡಾಕ್ಟರ್ ಯಾಕ್ರೀ ಬಾಯಾರ? ನಮ್ಮ ಹುಡುಗಂದು ಮಾರಿ ಒಡದದ. ಹಲ್ಲು ನೋವಿಲ್ಲ."

"ಮಾರಿಯೊಳಗ ಹಲ್ಲು ಅದಾವೋ ಇಲ್ಲೋ?"

"ಅದಾವ್ರಿ."

"ಅದಕ್ಕ ನಾ ಬಂದೀನಿ. ಸರೀರಿ ಆಕಡೆ."

ನನ್ನ ನಾಲಿಗೆ ಆಗಲೂ ಹೀಗೇ ಇತ್ತು. ಆದರೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಮುಖದ ಮೂಳೆ ಕೈಕಾಲಿನ ಮೂಳೆಯಂತಲ್ಲ. ಕಾಲು ಮುರಿದರೆ ಕೂಡಿಸಿದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೂ ಮನುಷ್ಯ ನಡೆಯುತ್ತಾನೆ. ದವಡೆಯಲ್ಲಿ ಅಷ್ಟು ವ್ಯತ್ಯಾಸ ಉಳಿದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಾತು ಬಿಡುತ್ತದೆ. ಅನ್ನ ಅಗಿಯಲು ಬರುವುದಿಲ್ಲ, ಕಿವಿಯ ಮುಂದಿನ ಕೀಲು ನೋಯಲು ಹತ್ತುತ್ತದೆ, ಮುಖ ಒಂದು ಕಡೆ ವಾಲುತ್ತದೆ. ಎರಡು ಹಲ್ಲುಸಾಲುಗಳು ಕುಂಕುಮದ ಕರಡಿಗೆ ಮತ್ತು ಅದರ ಮುಚ್ಚಳ ಇದ್ದಂತೆ. ಆ ಮುಚ್ಚಳ ಆ ಕರಡಿಗೆಗೇ ಕೂಡಬೇಕು.

ಈ ಮಾತನ್ನು ನನಗೆ ಕಲಿಸಿದವರು ವಿಭಾಗದ ಮುಖ್ಯಸ್ಥರಾಗಿದ್ದ ಸಾಠೆ ಸರ್. ಗಿಡ್ಡ ಮನುಷ್ಯ, ಇಸ್ತ್ರಿ ಮುರಿಯದ ಅರ್ಧತೋಳಿನ ಅಂಗಿ, ಧ್ವನಿ ಮಾತ್ರ ಆಸ್ಪತ್ರೆಯ ಇನ್ನೊಂದು ತುದಿಗೂ ಕೇಳುವಂಥದ್ದು. ಅವರದೊಂದು ನೇಮವಿತ್ತು, ಮರಾಠಿಯಲ್ಲಿ: "ಆಧೀ ದಾತ, ಮಗ ಹಾಡ." ಮೊದಲು ಹಲ್ಲು, ಆಮೇಲೆ ಎಲುಬು. ಮುರಿದ ತುಂಡುಗಳನ್ನು ಎಕ್ಸ್‌ರೇ ನೋಡಿ ಜೋಡಿಸಲು ಹೋಗಬೇಡಿ. ಮೊದಲು ಮೇಲಿನ ಕೆಳಗಿನ ಹಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ತಂತಿಯಿಂದ ಬಿಗಿಯಿರಿ, ಎಲುಬು ತಾನಾಗಿ ತನ್ನ ಜಾಗಕ್ಕೆ ಬರುತ್ತದೆ. ಥಿಯೇಟರಿನಲ್ಲಿ ಅವರು "ಆಧೀ?" ಎಂದು ಗುಡುಗಿದರೆ ನಾವೆಲ್ಲ ಶಾಲೆಯ ಮಕ್ಕಳ ಹಾಗೆ "ದಾತ" ಎನ್ನಬೇಕಿತ್ತು. ನನಗೆ ನಗು ಬರುತ್ತಿತ್ತು, ಆದರೆ ಮುಖಕ್ಕೆ ಮಾಸ್ಕ್ ಇರುತ್ತಿದ್ದುದರಿಂದ ಬದುಕಿಕೊಂಡೆ.

ವಿಭಾಗದಲ್ಲಿ ಆಗ ನಾನೊಬ್ಬಳೇ ಹೆಂಗಸು. ಮೊದಲ ದಿನ ಸರ್ ಒಂದು ಕರವಸ್ತ್ರ ಕೊಟ್ಟು ಕಣ್ಣು ಕಟ್ಟಿಕೊಳ್ಳಲು ಹೇಳಿದರು. ಸಾಲಾಗಿ ಕೂತ ಸಹಪಾಠಿಗಳ ಹಿಂದೆ ನಿಂತು ಅವರ ಹುಬ್ಬು, ಕಣ್ಣಿನ ಕೆಳಗಿನ ಅಂಚು, ಕೆನ್ನೆ, ದವಡೆಗಳನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಿ ಯಾವ ಬದಿ ಎತ್ತರ, ಯಾವ ಬದಿ ತಗ್ಗು ಎಂದು ಹೇಳಬೇಕಿತ್ತು. ಹುಡುಗರು ನಾಚಿ ಕಿಸಕ್ಕೆಂದರು. ಸರ್ ಗದರಿದರು: ಮಗುವಿನ ಮುಖ ಮುಟ್ಟಿ ನೋಡಲು ತಾಯಿಗೆ ನಾಚಿಕೆ ಇರುತ್ತದೆಯೇ? ಅನಘಾ, ಈಗ ಸ್ಕ್ಯಾನ್ ಇದೆ, ಮುಖವನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದು. ನೋಡು. ಆದರೆ ಅದಕ್ಕೂ ಮೊದಲು ರೋಗಿಯ ಹಿಂದೆ ನಿಂತು ಎರಡು ಕೈ ಇಡು. ಊದಿದ ಮುಖದ ಒಳಗೆ ಮೆಟ್ಟಿಲಿನಂತೆ ಸಿಗುವ ಆ ಮುರಿದ ಅಂಚು ಬೆರಳಿಗೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ.

ಅಂದಿನ ನಮ್ಮ ಮುಖ್ಯ ಸಾಧನ ತಂತಿ. ಎರಡು ಹಲ್ಲುಸಾಲಿಗೂ ಉಕ್ಕಿನ ಪಟ್ಟಿ ಕಟ್ಟಿ, ತಂತಿಯಿಂದ ಬಾಯಿ ಬಿಗಿದು, ಎಲುಬು ಕೂಡುವವರೆಗೆ ವಾರಗಟ್ಟಲೆ ಹಾಗೇ ಬಿಡುತ್ತಿದ್ದೆವು. ಆಪರೇಷನ್ ಮುಗಿದು ಕೊನೆಯ ತಂತಿ ಬಿಗಿಯುವ ಮುನ್ನ ಒಂದು ಕೂಗು ಕಡ್ಡಾಯ. ಆಪರೇಷನ್ನಿನಲ್ಲಿ ರಕ್ತ ಕೆಳಗಿಳಿಯದಂತೆ ಗಂಟಲಿಗೆ ಒದ್ದೆ ಬಟ್ಟೆಯ ಪಟ್ಟಿ ತುಂಬಿರುತ್ತಾರೆ. ಅದನ್ನು ಒಳಗೇ ಮರೆತು ಬಾಯಿ ಬಿಗಿದರೆ ರೋಗಿಯ ಕಥೆ ಮುಗಿಯಿತು. ಅದಕ್ಕೆ ಸರ್ "ಪ್ಯಾಕ್?" ಎಂದು ಕೂಗುತ್ತಿದ್ದರು, ಅರಿವಳಿಕೆಯ ಡಾಕ್ಟರು ಆ ಬಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿ "ನಿಘಾಲಾ" ಎನ್ನುತ್ತಿದ್ದರು, ಹೊರಗೆ ಬಂತು ಎಂದು. ತೋರಿಸದೆ ಬರೀ ಬಾಯಲ್ಲಿ ಹೇಳಿದರೆ ಸರ್ ಒಪ್ಪುತ್ತಿರಲಿಲ್ಲ.

ಬಾಯಿ ಬಿಗಿದವರ ಊಟದ್ದು ಇನ್ನೊಂದು ಪುರಾಣ. ಕೊನೆಯ ದವಡೆ ಹಲ್ಲಿನ ಹಿಂದೆ ಒಂದು ಸಣ್ಣ ಸಂದಿ ಇರುತ್ತದೆ, ಅಲ್ಲಿಗೆ ರಬ್ಬರಿನ ಕೊಳವೆ ಇಟ್ಟು ಗಂಜಿ, ಹಾಲು, ಬೇಳೆಕಟ್ಟು. ಭೋರ್ ಕಡೆಯ ಒಬ್ಬ ಕುಸ್ತಿಯವನು ಹೋಳಿಯ ದಿನ ಹೋಳಿಗೆ ಬೇಕೇ ಬೇಕೆಂದು ಹಟ ಹಿಡಿದ. ಅವನ ತಾಯಿ ಪೂರಣಪೋಳಿಯನ್ನು ಹಾಲಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಕೊಳವೆಯಲ್ಲಿ ಕುಡಿಸಿದಳು. ಕಣ್ಣಲ್ಲಿ ನೀರು ಸುರಿಸುತ್ತ ಕುಡಿದ. ನೋವಿಗೋ ಸಿಹಿಗೋ ಎಂದು ನಾನು ಕೇಳಲಿಲ್ಲ. ಇಂಥವರಿಗೆಲ್ಲ ಕೊರಳಲ್ಲಿ ಒಂದು ವೈರ್ ಕಟರ್ ನೇತುಹಾಕುತ್ತಿದ್ದೆವು. ವಾಂತಿ ಬಂದರೆ ಹತ್ತಿರ ಇದ್ದವರು ತಕ್ಷಣ ತಂತಿ ಕತ್ತರಿಸಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ.

ಆಮೇಲೆ ಪ್ಲೇಟುಗಳು ಬಂದವು. ಬೆರಳುದ್ದದ ಲೋಹದ ಪಟ್ಟಿ, ಅದಕ್ಕೆ ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ. ಆಪರೇಷನ್ ನಡೆಯುವಾಗ ಮಾತ್ರ ಹಲ್ಲುಗಳನ್ನು ತಂತಿಯಿಂದ ಬಿಗಿದು, ಎಲುಬಿಗೆ ಪ್ಲೇಟ್ ಕೂರಿಸಿ, ಆಮೇಲೆ ಬಾಯಿ ಬಿಡಿಸಿಬಿಡಬಹುದು. ಸಾಠೆ ಸರ್‌ಗೆ ಆಗಲೇ ತಲೆ ಬೆಳ್ಳಗಾಗಿತ್ತು, ಆದರೂ ಹೊಸ ವಿದ್ಯೆಯನ್ನು ಕೂತು ಕಲಿತರು, ನಮಗೂ ಕಲಿಸಿದರು. ಅಭ್ಯಾಸ ಮೇಕೆಯ ದವಡೆಯ ಮೇಲೆ. ಮಟನ್ ಅಂಗಡಿಯಿಂದ ಅವನ್ನು ತರುವ ಪಾಳಿ ನನಗೂ ಬರುತ್ತಿತ್ತು. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಮಡಿವಂತರ ಮನೆಯ ಮಗಳು ಚೀಲದ ತುಂಬ ಮೇಕೆ ದವಡೆ ಹಿಡಿದು ಸಿಟಿ ಬಸ್ಸಿನಲ್ಲಿ ಕೂತಿರುತ್ತಿದ್ದೆ. ಒಮ್ಮೆ ಆಸ್ಪತ್ರೆಗೆ ರಜೆ ಎಂದು ಚೀಲವನ್ನು ಮನೆಗೇ ತಂದೆ. ನಮ್ಮವ್ವ ಹೊಸ್ತಿಲ ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಅಪ್ಪನ ಗುಮಾಸ್ತಿಕೆಯ ಜೊತೆಗೆ ನಮ್ಮ ಮನೆ ನಡೆಸಿದ್ದು ಆ ಮಿಷನ್ನು.

"ಅಲ್ಲೇ ನಿಲ್ಲು ಸರೋಜಾ. ಆ ಚೀಲ ಒಳಗ ತರಬ್ಯಾಡ. ಮೊದಲ ಸ್ನಾನಾ ಮಾಡು" ಎಂದು ಹಲ್ಲುಗಳ ನಡುವೆ ದಾರ ಹಿಡಿದುಕೊಂಡೇ ಬೈದಳು. ಬೈದು ಮುಗಿಸಿ ಟಕ್ಕೆಂದು ದಾರ ಕಡಿದಳು. ಅವಳ ಮೇಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು, ಅದರ ನೇರ ಕೆಳಗಿನ ಹಲ್ಲಿನಲ್ಲಿ ಇನ್ನೊಂದು. ಚಿಕ್ಕವಳಿದ್ದಾಗ ನಾನು ಮೇಲಿನದರಲ್ಲಿ ಉಗುರಿನ ತುದಿ ಇಟ್ಟು ಆಡುತ್ತಿದ್ದೆ. ಬಾಳೆಲ್ಲ ದಾರ ಕಡಿದು ಕಡಿದು ಆದ ಗುರುತುಗಳು ಅವು.

ರೇಣುಕಾ ನಮ್ಮಲ್ಲಿಗೆ ಬಂದದ್ದು ಆ ಕಾಲದಲ್ಲಿ. ವಿಜಯಪುರದ ಕಡೆಯವರು, ಗಂಡ ಮಲ್ಲಪ್ಪ ಇಲ್ಲಿ ಒಂದು ಕಿರಾಣಿ ಮಳಿಗೆಯಲ್ಲಿ ಗುಮಾಸ್ತ, ಶಿವಾಜಿನಗರ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಭೋರಿನಲ್ಲಿ ನೆಂಟರ ಮನೆಯ ಕೂಸಿಗೆ ಹೆಸರಿಡುವ ಕಾರ್ಯಕ್ರಮ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಅವಳ ಸೆರಗು ಹಿಂದಿನ ಗಾಲಿಗೆ ಸಿಕ್ಕಿ ಮುಖ ಅಡಿಯಾಗಿ ಬಿದ್ದಿದ್ದಳು. ಗಂಡನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವಳ ಕೆಳದವಡೆ ಎರಡು ಕಡೆ ಮುರಿದಿತ್ತು. ಬಲಗಡೆ ಎಲುಬು ಚೂರುಚೂರು, ಎಡಗಡೆ ಕಿವಿಯ ಮುಂದಿನ ಕೀಲಿನ ಕುತ್ತಿಗೆ. ಗದ್ದಕ್ಕೆ ಟವೆಲ್ ಒತ್ತಿ ಹಿಡಿದು ಕೂತಿದ್ದಳು, ಮಾತಾಡಲು ಬರುತ್ತಿರಲಿಲ್ಲ. ಹೀಗಾಗಿ ಹೆಸರು, ವಯಸ್ಸು, ಎಲ್ಲದಕ್ಕೂ ಮಲ್ಲಪ್ಪನೇ ಉತ್ತರ ಕೊಟ್ಟ.

"ಏನ್ ಕೆಲಸ ಮಾಡ್ತಾರ್ರಿ?" ಎಂದು ನಾನು ಕೇಳಿದೆ.

"ಏನಿಲ್ರಿ. ಮನ್ಯಾಗ ಇರ್ತಾಳ."

ರೇಣುಕಾ ಗಂಟಲಲ್ಲೇ ಏನೋ ಸದ್ದು ಮಾಡಿ, ಬಲಗೈ ಎತ್ತಿ ಹೆಬ್ಬೆರಳು ತೋರುಬೆರಳು ಕೂಡಿಸಿ ಆಡಿಸಿದಳು. ನೋವು ಜಾಸ್ತಿಯಾಗಿದೆ ಎಂದುಕೊಂಡು ವಾರ್ಡಿನ ಹಿರಿಯ ನರ್ಸ್ ಕಾಂಬಳೆ ಸಿಸ್ಟರ್ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಕಾಗದದ ಮೇಲೆ "ಗೃಹಿಣಿ" ಎಂದು ಬಿತ್ತು.

ಆಪರೇಷನ್ ಸಾಠೆ ಸರ್ ಅವರದು. ನಾನು ಕೈನೆರವಿಗೆ, ತುಟಿ ಸರಿಸಿ ಹಿಡಿಯುವ ಕೆಲಸ. ಕೇಸು ಮೇಲೆ ಕಂಡಷ್ಟು ಸುಲಭವಿರಲಿಲ್ಲ. ರೇಣುಕಾಳ ಹಿಂದಿನ ದವಡೆ ಹಲ್ಲುಗಳನ್ನು ಯಾವಾಗಲೋ ಯಾರೋ ಕಿತ್ತುಹಾಕಿದ್ದರು. ಮುಂದಿನವು, ಅವುಗಳ ಪಕ್ಕದ ಕೆಲವು ಮಾತ್ರ ಉಳಿದಿದ್ದವು. ಅಂಥ ಬಾಯಲ್ಲಿ ಮುಚ್ಚಳ ಹೀಗೂ ಕೂಡುತ್ತದೆ, ಹಾಗೂ ಕೂಡುತ್ತದೆ. ಎಲುಬನ್ನು ಕೇಳೋಣವೆಂದರೆ ಅದು ಪುಡಿಯಾಗಿತ್ತು. ಸರ್ ಎಲ್ಲರೂ ಮಾಡುವುದನ್ನೇ ಮಾಡಿದರು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವಿನ ಗೆರೆಗೆ ಕೆಳಗಿನ ಹಲ್ಲುಗಳ ನಡುವಿನ ಗೆರೆಯನ್ನು ನೇರ ತಂದು ತಂತಿ ಬಿಗಿದರು. ನೋಡಲು ಚಿತ್ರದಂತೆ ಸರಳರೇಖೆ. ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ಓದಿದ ಪುಸ್ತಕದ ತುಂಬ ನೇರ ದವಡೆಗಳನ್ನೇ ನೋಡಿ ನೋಡಿ, ಎದುರಿಗೆ ಬಂದ ಪ್ರತಿ ದವಡೆಯನ್ನೂ ನೇರ ಮಾಡುವ ಚಪಲ ಕೈಗೆ ಅಂಟಿರುತ್ತದೆ. ದೇವರು ಎಲ್ಲರನ್ನೂ ಪುಸ್ತಕ ನೋಡಿ ಮಾಡಿರುವುದಿಲ್ಲ.

ಪ್ಲೇಟ್ ಕೂತಿತು. ಮೊದಲ ಸ್ಕ್ರೂಗಳೂ ಹೋದವು. ನಾನು ತುಟಿ ಹಿಡಿದು ನಿಂತಿದ್ದವಳು ಸುಮ್ಮನೆ ಅವಳ ಮುಂದಿನ ಹಲ್ಲುಗಳನ್ನು ನೋಡಿದೆ. ಮೇಲಿನ ಒಂದು ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು. ನನ್ನ ಉಗುರಿಗೆ ಗುರುತಿದ್ದ ಕಚ್ಚು. ಕೆಳಗಿನ ಹಲ್ಲಿನಲ್ಲೂ ಅಂಥದೇ ಇನ್ನೊಂದು, ಆದರೆ ಅದು ಮೇಲಿನದರ ಕೆಳಗೆ ಇರಲಿಲ್ಲ. ಒಂದು ಜೋಳದ ಕಾಳಿನಷ್ಟು ಬಲಕ್ಕೆ ಸರಿದಿತ್ತು.

ದಾರ ಕಡಿದು ಆದ ಕಚ್ಚುಗಳಾದರೆ ಅವು ಒಂದರ ಕೆಳಗೆ ಒಂದು ಬರಬೇಕು. ಈ ಹೆಂಗಸಿನ ದವಡೆ ಹುಟ್ಟಿನಿಂದಲೇ ಎಡಕ್ಕೆ ಇದ್ದಿರಬೇಕು. ನಾವು ಅವಳನ್ನು ನೇರ ಮಾಡುತ್ತಿದ್ದೆವು, ಅಂದರೆ ಕೆಡಿಸುತ್ತಿದ್ದೆವು. ಈಗ ಬಿಟ್ಟರೆ ತಿಂಗಳುಗಳ ಮೇಲೆ ಕೂಡಿದ ಎಲುಬನ್ನು ಮತ್ತೆ ಒಡೆದು ಕೂಡಿಸಬೇಕು, ಅದೂ ಅವಳು ತಿರುಗಿ ಬಂದರೆ. ಬರದಿದ್ದರೆ ಜೀವನಪೂರ್ತಿ ಸರಿಯಾಗಿ ಅಗಿಯಲಾರಳು, ದಾರ ಕಡಿಯಲಾರಳು. ಆದರೆ ನನ್ನ ಮಾತೇ ಸುಳ್ಳಾದರೆ? ಬಿಗಿದದ್ದೆಲ್ಲ ಬಿಚ್ಚಿದರೆ ಅರಿವಳಿಕೆಯ ಹೊತ್ತು ಬೆಳೆಯುತ್ತದೆ, ಚೂರುಗಳು ಇನ್ನಷ್ಟು ಕದಲುತ್ತವೆ, ನನ್ನನ್ನು ಪ್ಲೇಟಿನ ಕೆಲಸದ ಹತ್ತಿರ ಮತ್ತೆ ಯಾರೂ ಬಿಟ್ಟುಕೊಳ್ಳುವುದಿಲ್ಲ.

"ಸರ್, ಥಾಂಬಾ" ಎಂದೆ. ನಿಲ್ಲಿಸಿ ಎಂದು ಕೈನೆರವಿನವರು ಹೇಳುವ ಪದ್ಧತಿ ಇರಲಿಲ್ಲ.

"ಕಾಯ ಝಾಲಂ, ಮುಲೀ?" ಏನಾಯಿತು ಹುಡುಗಿ ಎಂದರು. ನನ್ನನ್ನು ಅವರು ಯಾವಾಗಲೂ "ಮುಲೀ" ಎಂದೇ ಕರೆಯುತ್ತಿದ್ದರು.

ಕಚ್ಚು ತೋರಿಸಿದೆ. ಅವರು ಬಗ್ಗಿ ನೋಡಿದರು. ಪಿನ್ನು ಕಚ್ಚಿ ಚಕ್ಕೆ ಹಾರಿರಬಹುದು, ಅದೂ ಅಲ್ಲದೆ ದಾರ ಕಡಿಯುವಾಗ ದವಡೆ ಮುಂದೆ ಬರುತ್ತದೆ, ಆ ಗುರುತಿನ ಮೇಲೆ ಹಲ್ಲು ಕೂಡಿಸಲು ಬರುವುದಿಲ್ಲ ಎಂದರು. ಅದು ಸರಿಯೇ.

"ಮುಂದೆ ಬರುತ್ತದೆ ಸರ್. ಆದರೆ ಇಷ್ಟು ಪಕ್ಕಕ್ಕೆ ಹೋಗುವುದಿಲ್ಲ. ನಮ್ಮ ಅಮ್ಮ ಹೊಲಿಗೆಯವಳು. ಅವಳ ಎರಡು ಕಚ್ಚು ಒಂದರ ಕೆಳಗೆ ಒಂದಿವೆ" ಎಂದು ಮರಾಠಿಯಲ್ಲೇ ತೊದಲಿದೆ.

"ಇವಳು ಹೊಲಿಗೆಯವಳೇನು? ಕಾಗದದಲ್ಲಿ ಗೃಹಿಣಿ ಎಂದಿದೆಯಲ್ಲ."

"ಕೇಳಿ ಬರುತ್ತೇನೆ ಸರ್."

ಅವರು ಬಾಗಿಲ ಕಡೆ ಕೈ ತೋರಿಸಿದರು. "ಜಾ" ಎಂದರು. ಓಡಿದೆ.

ಮಲ್ಲಪ್ಪ ಹೊರಗೆ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ. ನನ್ನ ಗೌನಿನ ಮೇಲಿನ ರಕ್ತ ಕಂಡು ಎದ್ದು ನಿಂತುಬಿಟ್ಟ.

"ಏನೂ ಆಗಿಲ್ಲ, ಅಂಜಬ್ಯಾಡ್ರಿ. ಒಂದ ಮಾತು ಹೇಳ್ರಿ. ನಿಮ್ಮ ಮನಿಯವರು ಹೊಲಿಗಿ ಮಾಡ್ತಾರೇನು?"

"ಹೌದ್ರಿ ಬಾಯಾರ. ಓಣ್ಯಾಗ ಎಲ್ಲಾರ ಜಂಪರೂ ಅಕೀನ ಹೊಲಿತಾಳ್ರಿ. ದೀಪಾವಳಿ ಬಂತಂದ್ರ ಮಷೀನ್ ಬಿಟ್ಟು ಏಳೂದೇ ಇಲ್ಲ."

"ಮತ್ತ ಏನೂ ಕೆಲಸ ಮಾಡಂಗಿಲ್ಲ ಅಂದ್ರಿ?"

"ಅದೇನ್ ನೌಕರಿ ಅಲ್ಲಲ್ರಿ" ಎಂದ ಮಲ್ಲಪ್ಪ, ಪಾಪ, ನಿಜವಾಗಿಯೂ ಹಾಗೇ ನಂಬಿದ್ದ.

"ದವಡಿ ಮೊದಲಿಂದ ಒಂದ ಕಡೆ ಇತ್ತೇನು?"

"ಹಾಂ, ಎಡಕ್ಕ ಸ್ವಲ್ಪ. ನಕ್ಕರ ಭಾಳ ಚಂದ ಕಾಣಸ್ತಾಳ್ರಿ" ಎಂದವನು ಅಷ್ಟು ಹೊತ್ತು ತಡೆದಿದ್ದ ಅಳುವನ್ನು ಅಲ್ಲೇ ಬಿಟ್ಟ.

ಒಳಗೆ ಬಂದು ಹೇಳಿದೆ. ಸಾಠೆ ಸರ್ ತಾವೇ ಬಿಗಿದ ತಂತಿಗಳನ್ನು ತಾವೇ ಕತ್ತರಿಸಿದರು. ಸ್ಕ್ರೂ ಬಿಚ್ಚಿ ಪ್ಲೇಟ್ ತೆಗೆದರು. ದೀಪ ಹತ್ತಿರ ಎಳೆದುಕೊಂಡು ಉಳಿದ ಹಲ್ಲುಗಳನ್ನು ಒಂದೊಂದಾಗಿ ನೋಡಿದರು. ವರ್ಷಗಟ್ಟಲೆ ಒಂದನ್ನೊಂದು ಉಜ್ಜಿದ ಹಲ್ಲುಗಳ ಮೇಲೆ ನುಣುಪಾದ, ಹೊಳೆಯುವ ಇಳಿಜಾರುಗಳಾಗಿರುತ್ತವೆ. ದವಡೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ಸರಿಸುತ್ತ ಹೋದರು. ಎರಡು ಕಚ್ಚುಗಳು ಒಂದೇ ಸಾಲಿಗೆ ಬಂದ ಜಾಗದಲ್ಲಿ ಆ ಹೊಳೆಯುವ ಇಳಿಜಾರುಗಳು ಒಂದರೊಳಗೊಂದು ಕೂತು ಸಣ್ಣದೊಂದು ಸದ್ದಾಯಿತು. ಕರಡಿಗೆಗೆ ಅದರದೇ ಮುಚ್ಚಳ. ಸರ್ ಅದನ್ನು ಬಿಡಿಸಿ ಇನ್ನೊಮ್ಮೆ ಕೂಡಿಸಿದರು. ಅದೇ ಸದ್ದು.

ಆಮೇಲೆ ಅವರು ತಲೆಯೆತ್ತಿ ಸುತ್ತ ನಿಂತ ವಿದ್ಯಾರ್ಥಿಗಳಿಗೆಲ್ಲ ಕೇಳುವಂತೆ ಹೇಳಿದರು: "ಎಲ್ಲರೂ ನೋಡಿದಿರಲ್ಲ? ನಾನು ನನ್ನ ತಲೆಯಲ್ಲಿದ್ದ ಹಲ್ಲು ನೋಡಿದೆ. ಇವಳ ಹಲ್ಲು ನೋಡಲಿಲ್ಲ." ನಂತರ ಎಂದಿನ ಗುಡುಗು: "ಆಧೀ?"

"ದಾತ" ಎಂದೆವು. ಅಂದು ನನಗೆ ನಗು ಬರಲಿಲ್ಲ. ವಿದ್ಯಾರ್ಥಿಗಳ ಎದುರು ತಮ್ಮ ಕೆಲಸವನ್ನು ತಾವೇ ಬಿಚ್ಚಿ ಹಾಕಿದ ಇನ್ನೊಬ್ಬ ದೊಡ್ಡ ಡಾಕ್ಟರನ್ನು ನಾನು ಇಂದಿನವರೆಗೂ ಕಂಡಿಲ್ಲ. ಅಂಥವರ ಕೈಕೆಳಗೆ ಕಲಿತೆ ಎಂಬ ಜಂಭ ನನಗಿದೆ, ಅದನ್ನು ಬಿಡುವ ಇರಾದೆಯೂ ಇಲ್ಲ.

ಹೊಸ ಪ್ಲೇಟನ್ನು ಅವಳ ಎಲುಬಿಗೆ ತಕ್ಕಂತೆ ಬಗ್ಗಿಸಿ ಕೂರಿಸಿದರು. ಎಡಗಡೆಯ ಕೀಲೂ ಮುರಿದಿದ್ದರಿಂದ ಕೆಲವು ವಾರ ಬಾಯಿ ಬಿಗಿದೇ ಇಡಬೇಕಿತ್ತು. "ಪ್ಯಾಕ್?" "ನಿಘಾಲಾ." ಕೊನೆಯ ತಂತಿ ಬಿಗಿದೆವು.

ರೇಣುಕಾ ಮಲಗಿರುವ ಜಾತಿಯಲ್ಲ. ಊತ ಇಳಿದ ಮೇಲೆ ಗಂಡನಿಗೆ ಸನ್ನೆ ಮಾಡಿ ಸೂಜಿ, ದಾರ, ಅರ್ಧಕ್ಕೆ ನಿಂತ ಜಂಪರುಗಳನ್ನು ತರಿಸಿಕೊಂಡು ಮಂಚದ ಮೇಲೆ ಗುಂಡಿ, ಕೊಕ್ಕೆ ಹಚ್ಚುತ್ತ ಕೂತಳು. ಅಭ್ಯಾಸಬಲ, ಪ್ರತಿ ಸಲ ದಾರವನ್ನು ಬಾಯಿಗೆ ಒಯ್ಯುವುದು, ತಂತಿ ತಾಗುವುದು, ಸಿಟ್ಟಾಗಿ ಕೈ ಇಳಿಸುವುದು. ಒಂದು ದಿನ ಕಾಂಬಳೆ ಸಿಸ್ಟರ್ ಅವಳ ಕೊರಳಿನ ವೈರ್ ಕಟರ್ ಪರೀಕ್ಷಿಸಿದರೆ ಅದರ ಬಾಯಿಯ ತುಂಬ ಬಣ್ಣಬಣ್ಣದ ದಾರದ ಎಳೆಗಳು! ಜೀವ ಉಳಿಸುವ ಸಾಮಾನಿನಿಂದ ಈ ಹೆಂಗಸು ಜಂಪರಿನ ದಾರ ಕತ್ತರಿಸುತ್ತಿದ್ದಳು. ಸಿಸ್ಟರ್ ವಾರ್ಡೇ ನಡುಗುವಂತೆ ಕೂಗಾಡಿದರು. ರೇಣುಕಾ ಮುಚ್ಚಿದ ಬಾಯಲ್ಲೇ ನಕ್ಕಳು, ತುಟಿ ಎಡಕ್ಕೆ ಸರಿಯಿತು. ಮಲ್ಲಪ್ಪ ಹೇಳಿದ್ದು ಸುಳ್ಳಲ್ಲ, ಚಂದವೇ ಕಂಡಳು. ಹೊಸ ಕಟರ್ ಬಂತು, ಜೊತೆಗೆ ಸಿಸ್ಟರ್ ತಮ್ಮದೇ ಸಣ್ಣ ಕತ್ತರಿಯನ್ನೂ ಕೊಟ್ಟರು. ಮರುದಿನ ಸಿಸ್ಟರ್ ನೋಡಿದರೆ ಕಟರಿಗೆ ಜರಿಯಂಚಿನ ಚೂರು ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ತಯಾರಾಗಿತ್ತು. ಪಕ್ಕದ ಮಂಚದವರಿಗೂ ಅಂಥದೇ ಬೇಕಾಯಿತು. ಅವಳು ಮನೆಗೆ ಹೋಗುವಷ್ಟರಲ್ಲಿ ನಮ್ಮ ವಾರ್ಡಿನ ಎಲ್ಲ ಕಟರುಗಳಿಗೂ ಚೀಲ ಬಂದಿತ್ತು.

ರೇಣುಕಾ ಇನ್ನೂ ವಾರ್ಡಿನಲ್ಲಿ ಇದ್ದಾಗಲೇ ಇನ್ನೊಂದು ದವಡೆಯ ಕೇಸು ಬಂತು. ನಾನು ಎಂದಿನಂತೆ ಕೈ ತೊಳೆದು ಮೇಜಿನ ಎಡಗಡೆ, ಕೈನೆರವಿನವರ ಜಾಗಕ್ಕೆ ಹೋದೆ. ಅಲ್ಲಿ ಆಗಲೇ ಸಾಠೆ ಸರ್ ತುಟಿ ಸರಿಸುವ ಸಾಧನ ಹಿಡಿದು ನಿಂತಿದ್ದರು. ಅವರು ಗದ್ದದಿಂದ ಬಲಗಡೆಯ ಜಾಗ ತೋರಿಸಿದರು.

"ಸುರೂ ಕರಾ, ಡಾಕ್ಟರ್" ಎಂದರು. ಶುರು ಮಾಡಿ ಎಂದು. ಮುಲೀ ಅಲ್ಲ, ಡಾಕ್ಟರ್.

ಮುಂದೆ ಈ ಕೈಗಳು ಎಷ್ಟು ಮುಖ ಕೂಡಿಸಿದವೋ ನಾನು ಎಣಿಸಲಿಲ್ಲ. ಕೂದಲಿನ ಒಳಗೆ ಸಣ್ಣ ಗಾಯ ಮಾಡಿ, ಕುಸಿದ ಕೆನ್ನೆಯ ಮೂಳೆಯನ್ನು ಒಳಗಿನಿಂದ ಎತ್ತುವಾಗ ಟಕ್ಕೆಂದು ಅದು ತನ್ನ ಜಾಗಕ್ಕೆ ಕೂರುವ ಸದ್ದು ಇದೆಯಲ್ಲ, ಅನಘಾ, ಅದಕ್ಕಿಂತ ಇಂಪಾದದ್ದು ನಾನು ಸವಾಯಿ ಗಂಧರ್ವ ಸಂಗೀತೋತ್ಸವದ ಮಂಟಪದಲ್ಲೂ ಕೇಳಿಲ್ಲ. ಈಗ ನೀವು ಕಂಪ್ಯೂಟರಿನಲ್ಲಿ ಒಡೆದ ಬದಿಯನ್ನು ಒಡೆಯದ ಬದಿಯ ಕನ್ನಡಿಯಂತೆ ಮಾಡಿ ಪ್ಲೇಟ್ ಮೊದಲೇ ಬಗ್ಗಿಸಿ ತರುತ್ತೀರಿ. ಬಹಳ ಒಳ್ಳೆಯ ಕೆಲಸ, ನನ್ನ ಕಾಲದಲ್ಲಿ ಇದ್ದಿದ್ದರೆ ಕುಣಿದಾಡುತ್ತಿದ್ದೆ. ಆದರೆ ರೇಣುಕಾಳ ನಂತರ ನಾನು ರೂಢಿ ಮಾಡಿಕೊಂಡ ಒಂದು ಕ್ರಮವನ್ನು ನಿನಗೆ ಬಿಟ್ಟುಕೊಡುತ್ತೇನೆ. ಮುಖ ಒಡೆದು ಬಂದವರಿಗೆ ಮೊದಲ ಪ್ರಶ್ನೆ: ನೀವು ಏನು ಕೆಲಸ ಮಾಡುತ್ತೀರಿ? ಚಮ್ಮಾರ ಹಲ್ಲಿನಲ್ಲಿ ಮೊಳೆ ಹಿಡಿಯುತ್ತಾನೆ, ಬ್ಯಾಂಡಿನವನು ತುತ್ತೂರಿ ಊದುತ್ತಾನೆ. ಬಾಯಿ ಎಂಬುದು ಊಟಕ್ಕೆ ಮಾತ್ರ ಅಲ್ಲ. ಆ ಪ್ರಶ್ನೆಯನ್ನು ಜೊತೆಯಲ್ಲಿ ಬಂದವರಿಗೆ ಕೇಳಬೇಡ. ರೋಗಿಗೇ ಕೇಳು. ಮಾತು ಬರದಿದ್ದರೆ ಪೆನ್ನು ಕೊಡು, ಬರೆಯಲು ಬರದಿದ್ದರೆ ಕೈಸನ್ನೆ ನೋಡು.

ಇನ್ನು ರೇಣುಕಾಳ ಕಥೆಯ ಉಳಿದ ಭಾಗ. ತಂತಿ ಬಿಚ್ಚಿದ ದಿನ ಅವಳ ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ, ವಾರಗಟ್ಟಲೆ ಮುಚ್ಚಿದ ಬಾಯಿ ಹಾಗೇ. ಐಸ್‌ಕ್ರೀಮಿನ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು ದಿನದಿನವೂ ಒಂದೊಂದು ಹೆಚ್ಚಿಸುವ ವ್ಯಾಯಾಮ ಹೇಳಿಕೊಟ್ಟು ಕಳಿಸಿದೆವು. ಮುಂದಿನ ಸಲ ಗಂಡನ ಜೊತೆ ಬಂದಾಗ ಗಲಗಲ ಮಾತಾಡುತ್ತಲೇ ಒಳಗೆ ಬಂದಳು. ನಾನು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಸಾಠೆ ಸರ್ ಅದರ ಕಡೆ ನೋಡಲೇ ಇಲ್ಲ. ಕೋಟಿನ ಜೇಬಿನಿಂದ ನೀಲಿ ದಾರದ ಒಂದು ರೀಲು ತೆಗೆದು ಅವಳ ಮುಂದೆ ಹಿಡಿದರು. ಎಷ್ಟು ದಿನದಿಂದ ಇಟ್ಟುಕೊಂಡಿದ್ದರೋ ಏನೋ.

"ಗುಂಡಿ ಕಿತ್ತದೇನ್ರಿ ಸಾಹೇಬ್ರ?" ಎಂದು ಕೇಳಿ, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು, ರೇಣುಕಾ ದಾರದ ತುದಿ ಹಿಡಿದು ಮೊಳದಷ್ಟು ಎಳೆದಳು. ಎಳೆದು, ಏನೊಂದೂ ಯೋಚಿಸದೆ ಬಾಯಿಗೆ ಒಯ್ದಳು.

ಟಕ್.

ದಾರದ ತುದಿ ಕತ್ತರಿಸಿದಂತೆ ನೀಟಾಗಿತ್ತು. ಅವಳು ಸರ್ ಅವರ ಅಂಗಿಯ ಮೇಲೆ ಕಣ್ಣಾಡಿಸಿದಳು. "ಸೂಜಿ ಎಲ್ಲದರಿ? ಯಾ ಗುಂಡಿ?" ಸರ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು, ಒರೆಸಿ ಹಾಕಿಕೊಂಡು ಮತ್ತೆ ಒರೆಸಿದರು.

ಹೊರಡುವ ಮುನ್ನ ಅವಳಿಗೆ ಹೊಸ ಕೇಸ್ ಪೇಪರ್ ಮಾಡಿಸಬೇಕಿತ್ತು. ನಾನೂ ನೋಂದಣಿಯ ಖಿಡಕಿಯವರೆಗೆ ಜೊತೆಗೆ ಹೋದೆ. ಒಳಗಿನ ಗುಮಾಸ್ತ ತಲೆಯೆತ್ತದೆ ಮರಾಠಿಯಲ್ಲಿ ಹೆಸರು ಕೇಳಿದ, ವಯಸ್ಸು ಕೇಳಿದ. ಎಂದಿನಂತೆ ಮಲ್ಲಪ್ಪ ಹೇಳಿದ.

"ಕಾಮ ಕಾಯ ಕರತಾತ?" ಏನು ಕೆಲಸ ಮಾಡುತ್ತಾರೆ ಎಂದ ಗುಮಾಸ್ತ. ಮಲ್ಲಪ್ಪ ಬಾಯಿ ತೆರೆದ. ರೇಣುಕಾ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಖಿಡಕಿಗೆ ಮುಖ ಕೊಟ್ಟಳು.

"ಟೇಲರ್" ಎಂದಳು. "ಲಿಹಾ." ಬರೆದುಕೊಳ್ಳಿ ಎಂದು.

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. ನಂತರ ನನ್ನ ಕಡೆ ತಿರುಗಿ ಹೆಬ್ಬೆರಳು ತೋರುಬೆರಳು ಕೂಡಿಸಿ, ಮೊದಲ ದಿನ ಮಾಡಿದ್ದಳಲ್ಲ, ಅದೇ ಸನ್ನೆ ಮಾಡಿದಳು. ಈಗ ನೋಡಿದರೆ ಅದು ಸೂಜಿಗೆ ದಾರ ಪೋಣಿಸುವ ಸನ್ನೆ.

"ಅವತ್ತೂ ಇದನ್ನೇ ಹೇಳಾಕತ್ತಿದ್ದೆ ಬಾಯಾರ. ನೀವೆಲ್ಲಾ ಕೂಡಿ ಸೂಜಿ ಚುಚ್ಚಿದ್ರಿ" ಎಂದು ನಕ್ಕಳು. ಎಡಕ್ಕೆ ಸರಿದ ನಗು, ಅವಳದೇ ನಗು, ನಾವು ಅವಳಿಗೆ ತಿರುಗಿ ಕೊಟ್ಟದ್ದು.

ಗುಮಾಸ್ತ ಬರೆದುಕೊಂಡ. ಸರಿಯಾಗಿ ಬರೆದಿದ್ದಾನೋ ಇಲ್ಲವೋ ಎಂದು ಮಲ್ಲಪ್ಪನೇ ಖಿಡಕಿಯೊಳಗೆ ಬಗ್ಗಿ ನೋಡಿದ.